ಕೀಲಿ ತೆಗೆದರೂ

ಕೀಲಿ ತಿರುಗಿಸಿ, ತೆಗೆದು, ಪರ್ಸಿಗೆ ಹಾಕಿಕೊಂಡು
ಇಳಿದು ಬಾಗಿಲು ಮುಚ್ಚಿದರೂ
ಗಡಗಡ ಗಡಗಡ
ನಿಲ್ಲಲೊಲ್ಲದು.
ವಿಲ್ಸನ್ ಗಾರ್ಡನ್ನಿನ ಒಂಬತ್ತನೇ ಕ್ರಾಸಿನಲ್ಲಿ
ರಾತ್ರಿ ಹನ್ನೊಂದೂಕಾಲು.
ಮಹಡಿಯಲ್ಲಿ ಇಂದ್ರಾಕ್ಷಿಯವರ ದೀಪ ಹತ್ತಿತು.
ಬಾನೆಟ್ ಎತ್ತಿ, ಬಿಸಿಯೊಳಗೆ ಕೈ ತೂರಿಸಿ,
'ಸ್ಟಾಪ್' ಎಂದು ಕೆತ್ತಿದ ಕಬ್ಬಿಣದ ನಾಲಗೆಯನ್ನು
ತಡವಿ ತಡವಿ ಒತ್ತಿ ಹಿಡಿದೆ.
ನೀರಿಂದೆದ್ದ ಎಮ್ಮೆಯ ಹಾಗೆ
ಒಮ್ಮೆ ಮೈ ಕೊಡವಿ ಸುಮ್ಮನಾಯಿತು.

ಇಪ್ಪತ್ತೆರಡು ವರ್ಷದಿಂದ ಆಪರೇಷನ್ ಥಿಯೇಟರಿನ ನರ್ಸು ನಾನು.
ನಿಲ್ಲಬಾರದ್ದು ನಿಂತರೆ ಏನು ಮಾಡಬೇಕೆಂದು
ಬಾಯಿಪಾಠವಿದೆ.
ನಿಲ್ಲಬೇಕಾದ್ದು ನಿಲ್ಲದಿದ್ದರೆ ಏನೆಂದು
ಯಾರೂ ಕಲಿಸಿರಲಿಲ್ಲ.

ಎಂಬತ್ತೆರಡರ ಮರ್ಸಿಡಿಸ್. ಡೀಸೆಲ್. ಹಳಸಿದ ಬೆಣ್ಣೆಯ ಬಣ್ಣ.
ಚೀಟಿ ಎತ್ತಿದ ದುಡ್ಡು ಅಷ್ಟೂ ಸುರಿದೆ.
"ಎರಡೆಳೆ ಸರ ಬರ್ತಿತ್ತಲ್ಲೇ" ಅಂದಳು ನಾದಿನಿ
ಇವತ್ತಿಗೂ ಅನ್ನುತ್ತಾಳೆ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು.
ಇದರ ಬಾಗಿಲು ಧಡ್ ಎನ್ನುವುದಿಲ್ಲ,
ಮಾತು ಮುಗಿಸಿದ ಹಿರಿಯರ ಹಾಗೆ
'ಹ್ಮ್' ಎನ್ನುತ್ತದೆ. ಆ ಒಂದು 'ಹ್ಮ್'ಗೆ
ನಾನು ಸೋತದ್ದು.
ಮೂರು ಲಕ್ಷ ನಲವತ್ತೊಂದು ಸಾವಿರಕ್ಕೆ
ಮೀಟರಿನ ಹಲ್ಲು ಮುರಿದಿದೆ.
ಆಮೇಲೆ ಓಡಿದ್ದು ಯಾರ ಲೆಕ್ಕಕ್ಕೂ ಇಲ್ಲ.

ಆರೋಗ್ಯದಾಸ್ ಬಂದ, ತಾನು ಕೆಮ್ಮುತ್ತ.
"ಇಂಜಿನ್ದು ತಪ್ಪಿಲ್ಲ ಸಿಸ್ಟರ್,
ಹಿಂದ್ಗಡೆ ಡೋರಲ್ಲಿ ಉಸ್ರು ಸೋರ್ತಾ ಐತೆ."
ಬಾಗಿಲಿಗೂ ಇಂಜಿನ್ನಿಗೂ ಏನು ನಂಟು?
ನನ್ನ ಹಳೇ ಸ್ಟೆಥಸ್ಕೋಪು ಇಟ್ಟು ಕೇಳಿದೆವು:
ಸ್ಸ್ಸ್...
ನಾಲ್ಕು ಬಾಗಿಲ ಚಿಲಕ, ಡಿಕ್ಕಿ, ಡೀಸೆಲ್ಲಿನ ಮುಚ್ಚಳ,
ಇಂಜಿನ್ನಿನ ಸಾವು ಕೂಡ
ಒಂದೇ ಉಸಿರಿನ ದಾರದಲ್ಲಿ ಪೋಣಿಸಿದ್ದಾನೆ
ಯಾವನೋ ಪುಣ್ಯಾತ್ಮ.
ಎಡಗಡೆಯ ಹಿಂಬಾಗಿಲಲ್ಲಿ ಗುಂಡುಪಿನ್ನು ತೂರುವಷ್ಟು ಸೀಳು.
ಅದಕ್ಕೇ ಇದಕ್ಕೆ ಸಾಯಲು ಬಾರದು.

ಜೆ.ಸಿ. ರಸ್ತೆಯಲ್ಲಿ ಒಂಬತ್ತು ಅಂಗಡಿ ಹತ್ತಿಳಿದೆ.
ಎಂಟರಲ್ಲಿ ನಕ್ಕರು. ಒಂಬತ್ತನೆಯವನು ಚಹಾ ಕೊಟ್ಟು ನಕ್ಕ.
ಶಿವಾಜಿನಗರದ ಗುಜರಿಯಲ್ಲಿ ಇದರ ಅಕ್ಕತಂಗಿಯರು
ಕಣ್ಣಿಲ್ಲದೆ ಕೂತಿದ್ದರು. ಕೊಳವೆಯೆಲ್ಲ ಇಲಿ ತಿಂದು ಪುಡಿ.

ರಾತ್ರಿ ಪಾಳಿಯ ನಡುವೆ ಜರ್ಮನ್ ಕೈಪಿಡಿ ಬಿಡಿಸಿ ಕೂತೆ,
ಪಕ್ಕದಲ್ಲಿ ಅವೆನ್ಯೂ ರಸ್ತೆಯ ರಾಶಿಯಿಂದ ಎತ್ತಿದ, ರಟ್ಟು ಹೋದ ನಿಘಂಟು.
ಪುಟಕ್ಕೊಂದು ಸಲ ಬರುವ ಪದ: 'ಡಿಖ್ಟುಂಗ್'.
ಅರ್ಥ ಒಂದು: ಸೋರದಂತೆ ತಡೆಯುವ ಗ್ಯಾಸ್ಕೆಟ್ಟು.
ಅರ್ಥ ಎರಡು: ಕಾವ್ಯ.
ಬೆಳಗಾಗುವುದನ್ನೇ ಕಾದು ಫೋನು ಮಾಡಿ ಹೇಳಿದೆ.
ಆರೋಗ್ಯದಾಸ್ ಒಂದು ಗಳಿಗೆ ಕೆಮ್ಮಿದ.
"ಅದೆಲ್ಲಾ ಸರಿ. ಎಷ್ಟು ಎಂ.ಎಂ. ಬೇಕು, ಅದು ಹೇಳಿ."

ಕೊನೆಗೆ, ಅವಧಿ ಮೀರಿತೆಂದು ಕಸಕ್ಕಿಟ್ಟಿದ್ದ
ಡ್ರಿಪ್ ಟ್ಯೂಬು, ಒಂದು ಮೊಳ.
ಬಾಗಿಲ ಚರ್ಮ ಬಿಚ್ಚಿ, ನಾನೇ ತೂರಿಸಿ, ನಾನೇ ಬಿಗಿದೆ.
ಹನಿ ಎಣಿಸಿ ಅಭ್ಯಾಸವಾದ ಕಣ್ಣು
ಸುಮ್ಮನೆ ಅದನ್ನೇ ನೋಡಿತು:
ಗಾಜಿನಂಥ ಕೊಳವೆಯೊಳಗೆ ಏನೂ ಹರಿಯುತ್ತಿಲ್ಲ.
ಆ ಏನೂ ಇಲ್ಲದ್ದು ಸೋರಬಾರದು, ಅಷ್ಟೇ.

ಭಾನುವಾರ ಸಂಜೆ ಲಾಲ್‌ಬಾಗಿಗೆ ಒಂದು ಸುತ್ತು ಹಾಕಿ ಬಂದು
ಕೀಲಿ ತಿರುಗಿಸಿದೆ.
ಒಂದು. ಎರಡು.
ನಿಂತಿತು.
ಚಿಲಕಗಳು ಟಪ್, ಟಪ್, ಟಪ್...
ಎಡ ಹಿಂಬಾಗಿಲು ಕೊಂಚ ಯೋಚಿಸಿ, ಟಪ್.
ಬೀದಿ ಇಷ್ಟು ಮೌನವಾಗಿತ್ತೆಂದು ಗೊತ್ತಿರಲಿಲ್ಲ.
ಮಹಡಿಯಿಂದ ಇಂದ್ರಾಕ್ಷಿಯವರು ಬಗ್ಗಿ ಕೇಳಿದರು,
"ಏನ್ರೀ, ಕೆಟ್ಟುಹೋಯ್ತಾ?"

ಇಲ್ಲ ಅನ್ನಲು ಬಾಯಿ ತೆರೆದವಳು
ಮತ್ತೆ ಒಳಗೆ ಕೂತು, ಕೀಲಿ ಅರ್ಧ ತಿರುಗಿಸಿ,
ಕಿತ್ತಳೆ ದೀಪ ಆರುವುದನ್ನು
ಕಾಯತೊಡಗಿದೆ.